ಕುರುಗೋಡಿನ ಹೆಪ್ಪು

ಎಂಬತ್ತರ ದಶಕದ ಮೊದಲ ವರ್ಷಗಳು. ಬಳ್ಳಾರಿಯ ಕಾಲೇಜಿನ ಲ್ಯಾಬಿನಲ್ಲಿ ನನ್ನ ಕೆಲಸ ಇಷ್ಟೇ: ಮೊಸರಿನ ಬ್ಯಾಕ್ಟೀರಿಯಾ ಕರುಳಿನ ಒಳಪದರಕ್ಕೆ ಅಂಟಿಕೊಳ್ಳುತ್ತವೋ, ಇಲ್ಲ ಜಾರಿ ಹೋಗುತ್ತವೋ ನೋಡುವುದು. ಅಂಟಿಕೊಂಡರೆ ಹೊಟ್ಟೆಯಲ್ಲಿ ನಿಂತು ಒಳ್ಳೆಯದು ಮಾಡಿಯಾವು ಎಂಬ ಆಸೆ. ಊರಿನ ಹತ್ತಾರು ಮನೆಗಳ ಮೊಸರು ತಂದು ನೋಡಿದ್ದೆ. ಒಂದೂ ನಿಲ್ಲಲಿಲ್ಲ. ತೊಳೆದರೆ ಸಾಕು, ಗಾಜಿನ ಮೇಲೆ ಬರೀ ಕರುಳಿನ ಕೋಶಗಳು ಉಳಿಯುತ್ತಿದ್ದವು. ದಿನಾ ಸಂಜೆ ಮನೆಗೆ ಬಂದು ಅತ್ತೆಯ ಮುಂದೆ ಗೋಳಾಡುತ್ತಿದ್ದೆ.

ನನ್ನ ಪಾಡು ನೋಡಲಾರದೆ ಒಂದು ಬೆಳಿಗ್ಗೆ ಅತ್ತೆಯೇ ಸ್ಟೀಲ್ ಡಬ್ಬಿಯಲ್ಲಿ ನಮ್ಮ ಮನೆಯ ಮೊಸರು ಹಾಕಿಕೊಟ್ಟರು. ಅದು ದೊಡ್ಡ ಮಾತು. ಮದುವೆಯಾಗಿ ಕುರುಗೋಡಿನಿಂದ ಬಳ್ಳಾರಿಯ ಸತ್ಯನಾರಾಯಣಪೇಟೆಗೆ ಬರುವಾಗ ಅವರ ತಾಯಿ ಮಡಿಲಲ್ಲಿಟ್ಟು ಕಳಿಸಿದ ಹೆಪ್ಪು ಅದು. ಅಂದಿನಿಂದ ಒಂದು ದಿನವೂ ಕಡಿದಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ತವರು ಅಂತ ಉಳಿದದ್ದು ಆ ಗಡಿಗೆಯೊಂದೇ. ನೆರೆಯವರಿಗೆ ಮಜ್ಜಿಗೆ ಕೊಟ್ಟಾರು, ಹೆಪ್ಪು ಕೊಟ್ಟವರಲ್ಲ. ನಮ್ಮದು ಲಿಂಗ ಕಟ್ಟಿದ ಮನೆತನ, ಮೊಟ್ಟೆ ಕೂಡ ಹೊಸಿಲು ದಾಟಿದ್ದಿಲ್ಲ.

ಆ ಮೊಸರು ಅಂಟಿತು. ಎಷ್ಟು ತೊಳೆದರೂ ಬಿಡದೆ, ಬಣ್ಣ ಹಾಕಿದ ಬ್ಯಾಕ್ಟೀರಿಯಾ ನೇರಳೆ ಬಣ್ಣದ ಸಣ್ಣ ಕಡ್ಡಿಗಳಂತೆ ಕೋಶಗಳಿಗೆ ಮುತ್ತಿಕೊಂಡಿದ್ದವು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಭಾನುವಾರ ಅತ್ತೆಯನ್ನು ಜಟಕಾದಲ್ಲಿ ಕೂರಿಸಿಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ನಿಲ್ಲಿಸಿದೆ. ಒಂದು ಕಣ್ಣು ಮುಚ್ಚಿ ನೋಡಿದರು. ಮುಖ ಅರಳಿತು. ಆಮೇಲೆ, ಇದು ಯಾರ ಕರುಳು ಎಂದು ಕೇಳಿದರು. ಯಾರೋ ರೋಗಿಯದು ಅಂದುಕೊಂಡಿದ್ದರಂತೆ. ಕೌಲ್ ಬಜಾರಿನ ಕಸಾಯಿ ಅಂಗಡಿಯಿಂದ ತರಿಸಿದ ಕುರಿ ಕರುಳು ಎಂದೆ.

ಮನೆಗೆ ಬಂದವರೇ ಗಡಿಗೆ ಎತ್ತಿ ಬಚ್ಚಲಿಗೆ ಸುರಿದರು. ನಾನು ಓಡಿ ಹೋಗಿ ಕೈ ಹಿಡಿಯುವಷ್ಟರಲ್ಲಿ ಬೂದಿ ಹಾಕಿ ತಿಕ್ಕುತ್ತಿದ್ದರು. ಅಷ್ಟು ವರ್ಷ ಕಾದಿಟ್ಟದ್ದು ಒಂದು ಚೊಂಬು ನೀರಿಗೆ ಹೋಯಿತಲ್ಲ! ಕುರಿ ಕರುಳು ಮುಟ್ಟಿದ್ದು ಲ್ಯಾಬಿನ ಮೊಸರು, ಗಡಿಗೆಯದಲ್ಲ ಎಂದು ಬಾಯಿ ಬಡಿದುಕೊಂಡೆ.

"ಮುಟ್ಟಿದ್ದಕ್ಕಲ್ಲ ತಂಗಿ," ಅಂದರು. "ಊರ ಮಂದಿ ಮೊಸರೆಲ್ಲ ಮಾಂಸ ಬಿಟ್ಟು ಸರದು ಹೋತು. ನಮ್ಮವ್ವಂದೊಂದ ಹೋಗಿ ಅಪ್ಪಿಕೊಂತು. ಅದಕ್ಕ ರುಚಿ ಮೊದ್ಲಿಂದ್ಲೂ ಗೊತ್ತೈತಿ."

ನನ್ನ ಪ್ರಯೋಗ ಸತ್ತ ತಾಯಿಯ ಅಡುಗೆಮನೆಯ ಮೇಲೇ ಅನುಮಾನ ತಂದಿತ್ತು. ಏನಾದರೂ ಮಾಡಿ ಅದನ್ನು ಅಳಿಸಬೇಕೆಂಬ ಗಾಬರಿಯಲ್ಲಿ ತೋಚಿದ್ದನ್ನು ಹೇಳಿದೆ.

"ಅತ್ತಿ, ನಮ್ಮ ಕರುಳೂ ಮಾಂಸಾನ ಅಲ್ಲೇನ್ರಿ. ಅದಕ್ಕೂ ಹಿಂಗ ಅಂಟತಾವು."

ತಿಕ್ಕುವ ಕೈ ನಿಂತಿತು. ಖಾಲಿ ಗಡಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಬೂದಿಗೈಯನ್ನು ಹಾಗೇ ಹೊಟ್ಟೆಯ ಮೇಲಿಟ್ಟುಕೊಂಡರು.

"ಹಂಗಾರ ನಮ್ಮವ್ವ ಇಲ್ಲೇ ಅದಾಳೇನು?"

ನಾನು ನೋಡಿದ್ದು ಕುರಿಯ ಕರುಳನ್ನಷ್ಟೇ. ಮನುಷ್ಯರದು ಗೊತ್ತಿಲ್ಲ ಎನ್ನಬೇಕಿತ್ತು. ಹೂಂ ಎಂದೆ.