ಟ್ಯಾಂಕ್ ರೋಡಿನಲ್ಲಿ ಯಾರೂ ಹಿಂದಕ್ಕೆ ಕರೆಯಲಿಲ್ಲ

ದೆಹಲಿಯ ಕಿದ್ವಾಯಿ ನಗರದಿಂದ ಬೆಳಿಗ್ಗೆ ನಾನು ಒಬ್ಬನೇ ಹೊರಡಬೇಕಿತ್ತು. ಕರೋಲ್ ಬಾಗ್‌ನಲ್ಲಿ ಸಗಟು ಜೀನ್ಸ್ ನೋಡಿಕೊಂಡು, ಅಲ್ಲಿಂದ ಗ್ರೇಟರ್ ನೋಯ್ಡಾದ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗಿ, ರಫ್ತಿನಿಂದ ಉಳಿದ ಮಾಲು ಎತ್ತಿಸುವುದು ನನ್ನ ಲೆಕ್ಕಾಚಾರ. ರಾಣೆಬೆನ್ನೂರಿನ ನನ್ನ ಅಂಗಡಿಗೆ ಪ್ರತಿ ಚಳಿಗಾಲ ಹೀಗೆಯೇ ಮಾಲು ತರುತ್ತೇನೆ. ಆದರೆ ನಾನು ಉಳಿದುಕೊಂಡಿದ್ದ ಅಕ್ಕನ ಮಗಳು ಸುಧಾಳ ಮನೆಯ ಹಾಲ್‌ನಲ್ಲಿ, ಸೋಫಾದ ಮೇಲೆ ಹುಡುಗನೊಬ್ಬ ಶೂ ಹಾಕಿಕೊಂಡೇ ಮಲಗಿದ್ದ.

ಅವನು ಮಂಜು, ಹದಿನೆಂಟು ವರ್ಷ. ತಂದೆ ಕುಂದಾಪುರ ಕಡೆಯವರು, ಕರೋಲ್ ಬಾಗ್‌ನ ಒಂದು ಹೋಟೆಲಿನಲ್ಲಿ ಅಡುಗೆ ಭಟ್ಟರು. ಸುಧಾ ಐಟಿ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ರಜೆಯ ದಿನಗಳಲ್ಲಿ, ಹೊಡೆದಾಟದ ದಾರಿ ಹಿಡಿಯಬಹುದಾದ ಇಂಥ ಹುಡುಗರ ಬೆನ್ನಿಗೆ ನಿಲ್ಲುವ ಗುಂಪೊಂದರ ಜೊತೆ ಓಡಾಡುತ್ತಾಳೆ. ಒಬ್ಬ ಹುಡುಗನಿಗೆ ಒಬ್ಬ ದೊಡ್ಡವರು. ಅಮೆರಿಕದಲ್ಲಿ, ಮನೆಯಲ್ಲಿ ಸ್ಪ್ಯಾನಿಷ್ ಆಡುವ ಲ್ಯಾಟಿನೋ ಹುಡುಗರ ನಡುವೆ ಈ ಕೆಲಸ ಮಾಡಿದ ಹೆಂಗಸೊಬ್ಬರು ಇವರಿಗೆ ಆನ್‌ಲೈನ್‌ನಲ್ಲಿ ಕಲಿಸಿದರಂತೆ. "ಅಲ್ಲೂ ಇದೇ ಕಥೆ ಮಾಮ," ಎಂದಳು ಸುಧಾ. "ಮನೇಲಿ ಒಂದು ಭಾಷೆ, ಬೀದೀಲಿ ಇನ್ನೊಂದು. ಯಾವುದರಲ್ಲೂ ಪೂರ್ತಿ ನಮ್ಮವನು ಅಂತ ಯಾರೂ ಅನ್ನಲ್ಲ. ಗ್ಯಾಂಗ್‌ನವರು ಮಾತ್ರ ಅಂತಾರೆ."

ಹಿಂದಿನ ಸಂಜೆ ಪಕ್ಕದ ಗಲ್ಲಿಯ ಹುಡುಗರು ಮಂಜುವಿನ ಗೆಳೆಯ ರಾಹುಲ್‌ನ ತೊಡೆಗೆ ಚಾಕು ಹಾಕಿದ್ದರು. ಜೊತೆಗಿದ್ದವನು ಮಂಜು ಒಬ್ಬನೇ. ಇವತ್ತು ಸಂಜೆ ಸೇಡು ತೀರಿಸಲು ಮಂಜುವಿನ ಗುಂಪು ಹೊರಡುವುದೆಂದು ಆಗಲೇ ತೀರ್ಮಾನವಾಗಿತ್ತು. ಹೊಡೆದವರ ಮುಖ ಗುರುತಿದ್ದದ್ದು ಇವನಿಗೆ ಮಾತ್ರ. ಇವನಿಲ್ಲದೆ ಅವರು ಹೊರಡುವಂತಿರಲಿಲ್ಲ. ಅದಕ್ಕೇ ರಾತ್ರಿ ಸುಧಾ ಇವನನ್ನು ತನ್ನ ಮನೆಗೆ ಕರೆತಂದಿದ್ದಳು.

"ನಾನು ಆಸ್ಪತ್ರೆಗೆ ಹೋಗ್ಬೇಕು, ರಾಹುಲ್ ಅಮ್ಮ ಒಬ್ಬರೇ ಇದ್ದಾರೆ," ಎಂದಳು ಸುಧಾ. "ಇವನನ್ನ ಇವತ್ತು ನಿಮ್ಮ ಜೊತೆ ಇಟ್ಕೊಳ್ಳಿ. ಮೂಟೆ ಹೊರಿಸಿ, ಊಟ ಹಾಕ್ಸಿ, ಒಬ್ಬನನ್ನೇ ಬಿಡ್ಬೇಡಿ. ಇನ್ನೊಂದು ಮಾತು ಮಾಮ, ಉಪದೇಶ ಬೇಡ."

ನನಗೆ ಹೇಳಿದ ಮಾತುಗಳಲ್ಲಿ ಇದೇ ಕಷ್ಟದ್ದು.

ಚಳಿಗಾಲದ ದಟ್ಟ ಮಂಜಿನಲ್ಲಿ ಇಬ್ಬರೂ ನಡೆದು ಐಎನ್ಎ ನಿಲ್ದಾಣ ಸೇರಿದೆವು. ರಾಜೀವ್ ಚೌಕದಲ್ಲಿ ಗಾಡಿ ಬದಲಿಸಿ ಕರೋಲ್ ಬಾಗ್‌ನಲ್ಲಿ ಇಳಿದೆವು. ಸಗಟು ಜೀನ್ಸ್ ಅಂಗಡಿಗಳ ಟ್ಯಾಂಕ್ ರೋಡಿಗೆ ರಿಕ್ಷಾದವನು ಐವತ್ತು ಕೇಳಿದ, ಮೂವತ್ತಕ್ಕೆ ಒಪ್ಪಿದ. ಅಲ್ಲಿಗೆ ಹೋಗುವವರಿಗೆ ನನ್ನ ಮಾತೊಂದಿರಲಿ: ಅಂಗಡಿ ತೆರೆದ ಕೂಡಲೇ ಹೋಗಿ. ಬೋಣಿಯ ಗಿರಾಕಿಯನ್ನು ಬರಿಗೈಲಿ ಕಳಿಸಲು ಯಾವ ವ್ಯಾಪಾರಿಗೂ ಮನಸ್ಸು ಬರುವುದಿಲ್ಲ. ದರ ಕೇಳಿ, ಅರ್ಧಕ್ಕಿಂತ ಸ್ವಲ್ಪ ಮೇಲೆ ಹೇಳಿ, ಒಪ್ಪದಿದ್ದರೆ ಎದ್ದು ಹೊರಡಿ. ಮೂರನೇ ಅಂಗಡಿ ದಾಟುವುದರೊಳಗೆ "ಅಚ್ಛಾ ಭಯ್ಯಾ, ಸುನೋ" ಎಂದು ವಾಪಸು ಕರೆಯುವ ಕೂಗು ಬಂದೇ ಬರುತ್ತದೆ.

ಆ ದಿನ ದರ ಹೇಳಿ ಎದ್ದು ಬಂದರೂ ಕೂಗು ಬರಲಿಲ್ಲ. ಮೂರನೆಯದು ದಾಟಿದೆ, ನಾಲ್ಕನೆಯದೂ ದಾಟಿತು. ಬೆಳಿಗ್ಗೆಯಿಂದ ಬಾಯಿ ಬಿಡದಿದ್ದ ಮಂಜು ಪಕ್ಕದಲ್ಲಿ ನಕ್ಕ.

"ಅಂಕಲ್, ಇಷ್ಟು ಸ್ಲೋ ಯಾಕೆ ನಡೀತೀರಾ? ವೋ ಬುಲಾಯೇಗಾ, ಕರೀತಾನೆ ಅಂತಾನಾ?"

"ಮಂಡಿ ನೋವು," ಎಂದೆ.

"ಅಂಗಡೀಲಿ ಕೂತಾಗ ಇರ್ಲಿಲ್ಲ," ಎಂದ.

ನೋಯ್ಡಾ ಕಡೆಯ ಬ್ಲೂ ಲೈನ್ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತು. ಯಮುನೆ ದಾಟುವಾಗ ನೀರು ಕಾಣಲಿಲ್ಲ, ಬರೀ ಬೂದು ಬಣ್ಣ. ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಅವನು ಮೆಲ್ಲಗೆ "ಹಾಂ, ಆಜಾವೂಂಗಾ, ಮೆಟ್ರೋ ಕೇ ನೀಚೇ" ಎಂದು ಇಟ್ಟ. ಸಂಜೆ ಮೆಟ್ರೋ ಕೆಳಗೆ ಬರುತ್ತೇನೆಂದು ಮಾತು ಕೊಟ್ಟನೆಂದು ತಿಳಿಯಲು ನನ್ನ ಹಿಂದಿ ಸಾಕಾಗಿತ್ತು. ಬಾಯಿ ತಡೆಯಲಾಗಲಿಲ್ಲ. ಜೈಲು, ಕೋರ್ಟು, ಒಲೆಯ ಮುಂದೆ ಬೇಯುತ್ತಿರುವ ಅಪ್ಪ, ಎಲ್ಲ ಹೇಳಿದೆ. ಬೇಕಿದ್ದರೆ ರಾಣೆಬೆನ್ನೂರಿಗೆ ಬಾ, ಅಂಗಡಿಯಲ್ಲಿ ಕೆಲಸ ಕೊಡುತ್ತೇನೆ ಎಂದೂ ಸೇರಿಸಿದೆ.

ಅವನು ಎದ್ದು ಬಾಗಿಲ ಬಳಿ ಹೋಗಿ ನಿಂತ. "ನನಗೂ ರೇಟ್ ಹೇಳ್ತಿದ್ದೀರಾ ಅಂಕಲ್?"

ಮುಂದಿನ ನಿಲ್ದಾಣ ಬಂತು. ಬಾಗಿಲು ತೆರೆಯಿತು. ಇಳಿದೇಬಿಡುತ್ತಾನೆ ಎಂದುಕೊಂಡೆ, ಹಿಡಿದು ನಿಲ್ಲಿಸುವ ಶಕ್ತಿ ನನಗಿರಲಿಲ್ಲ. ಬಾಗಿಲು ಮುಚ್ಚಿತು, ಅವನು ಒಳಗೇ ಇದ್ದ.

ಸೆಕ್ಟರ್ ಐವತ್ತೆರಡರಲ್ಲಿ ಇಳಿದು, ಗ್ರೇಟರ್ ನೋಯ್ಡಾದ ಗಾಡಿ ಹಿಡಿಯಲು ಇನ್ನೊಂದು ನಿಲ್ದಾಣಕ್ಕೆ ನಡೆಯಬೇಕು. ಆ ದಾರಿಯಲ್ಲಿ ಅವನೇ ಕೇಳಿದ.

"ಎದ್ದು ಬಂದ್ಮೇಲೆ ಕರೀದಿದ್ರೆ ಏನ್ ಮಾಡ್ತೀರಾ?"

"ಏನೂ ಇಲ್ಲ. ಮಾಲು ಹೋಯ್ತು. ಹೊಟ್ಟೆ ಉರಿಯುತ್ತೆ. ಹೋಗಿ ಊಟ ಮಾಡ್ತೀನಿ."

"ವಾಪಸ್ ಹೋಗಲ್ವಾ?"

"ಒಂದ್ಸಲ ಹೋಗಿದ್ದೆ. ಅಂಗಡಿಯವರೆಲ್ಲ ಸೇರಿ ನಕ್ಕರು, ರೇಟನ್ನೂ ಏರಿಸಿದರು."

ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. "ಹೋಗದಿದ್ರೂ ನಗ್ತಾರೆ," ಎಂದ.

"ನಗ್ತಾರೆ," ಎಂದೆ. ಸುಳ್ಳು ಹೇಳುವುದರಲ್ಲಿ ಅರ್ಥವಿರಲಿಲ್ಲ.

ಕಾರ್ಖಾನೆಯಲ್ಲಿ ಅವನು ಒಂದೊಂದೇ ಪ್ಯಾಂಟಿನ ಜಿಪ್ ಎಳೆದು ನೋಡಿ, ಕೆಟ್ಟವನ್ನು ಬೇರೆ ರಾಶಿ ಹಾಕಿದ. ಮ್ಯಾನೇಜರ್ ಗೊಣಗಿದರೆ ಹಿಂದಿಯಲ್ಲಿ ಇವನೇ ಉತ್ತರ ಕೊಟ್ಟ. ಸಾಗಣೆಯನ್ನು ಅವರಿಗೇ ಒಪ್ಪಿಸಿ, ಪರಿ ಚೌಕದ ಹತ್ತಿರ ತಳ್ಳುಗಾಡಿಯಲ್ಲಿ ಛೋಲೆ ಕುಲ್ಚೆ ತಿಂದೆವು. ಮಂಜು ಹಸಿದಿದ್ದ, ಎರಡು ಸಲ ಹಾಕಿಸಿಕೊಂಡ. ಹಿಂದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲವಂತೆ.

ಮರಳುವ ಗಾಡಿಯಲ್ಲಿದ್ದಾಗ ಸುಧಾ ಫೋನ್ ಮಾಡಿದಳು. ರಾಹುಲ್‌ಗೆ ಎಚ್ಚರವಾಗಿತ್ತು. ಗಂಡಸರ ವಾರ್ಡಿನಲ್ಲಿ ರಾತ್ರಿ ತಾಯಿಯನ್ನು ಬಿಡುವುದಿಲ್ಲವಂತೆ. ಯಾರಾದರೂ ಹುಡುಗ ಕೂರಬೇಕು. ಫೋನನ್ನು ಆ ತಾಯಿಗೆ ಕೊಟ್ಟಳು, ನಾನು ಮಂಜುವಿಗೆ ಕೊಟ್ಟೆ. ಅವರು ಹೇಳಿದ್ದು ನನಗೆ ಕೇಳಿಸಲಿಲ್ಲ. ಅವನು ಬಹಳ ಹೊತ್ತು "ಜೀ ಆಂಟಿ, ಜೀ" ಎಂದಷ್ಟೇ ಅನ್ನುತ್ತಿದ್ದ. ಕೊನೆಗೆ, "ಪೊಲೀಸ್‌ಗೂ ನಾನು ಹೇಳ್ಬೇಕಂತೆ, ನಾನೊಬ್ಬನೇ ನೋಡಿದ್ದು," ಎಂದು ಫೋನ್ ವಾಪಸು ಕೊಟ್ಟ. ಕೂರುತ್ತೀಯಾ, ಹೇಳುತ್ತೀಯಾ ಎಂದು ನಾನು ಕೇಳಲಿಲ್ಲ.

ಆಸ್ಪತ್ರೆಗೆ ಒಯ್ಯುವ ಊಟ ತೆಗೆದುಕೊಳ್ಳಲು ಅವನ ತಂದೆಯ ಹೋಟೆಲಿಗೆ ಹೋಗಬೇಕಿತ್ತು. ಕರೋಲ್ ಬಾಗ್‌ನಲ್ಲಿ ಮೆಟ್ಟಿಲಿಳಿದಾಗ ದೀಪ ಹತ್ತಿತ್ತು. ಮೆಟ್ರೋ ಕಂಬದ ಕೆಳಗೆ ಎರಡು ಬೈಕು, ನಾಲ್ಕು ಹುಡುಗರು.

"ಆಗಯಾ ಶೇರ್! ಚಲ್, ಬೈಠ್," ಸಿಂಹ ಬಂತು, ಹತ್ತು ಎಂದು ಒಬ್ಬ ಬೈಕಿನ ಸೀಟು ತಟ್ಟಿದ.

ಮಂಜು ನಿಂತ. "ರಾಹುಲ್ ಕೇ ಪಾಸ್ ಬೈಠನಾ ಹೈ," ಎಂದ. ರಾಹುಲ್ ಹತ್ತಿರ ಕೂರಬೇಕು, ಅಷ್ಟೇ. ಹೇಳಿ ನಡೆಯತೊಡಗಿದ.

ಹಿಂದಿನಿಂದ ನಗು ಬಂತು. "ಡರ್ ಗಯಾ ಮದ್ರಾಸಿ! ಜಾ, ಇಡ್ಲಿ ಖಾ!" ಮದ್ರಾಸಿ ಹೆದರಿಬಿಟ್ಟನಂತೆ. ಹುಟ್ಟಿದ್ದು ಬೆಳೆದದ್ದು ಇದೇ ಗಲ್ಲಿಯಲ್ಲಾದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ. ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು. ಜಾಕೆಟ್ಟಿನ ಜೇಬಿನೊಳಗೆ ಮುಷ್ಟಿ ಬಿಗಿದಿತ್ತು.

ಮೊದಲ ಅಂಗಡಿ ದಾಟಿದೆವು, ಎರಡನೆಯದು, ಮೂರನೆಯದು. ಇಷ್ಟು ವರ್ಷಗಳ ಅಭ್ಯಾಸಕ್ಕೆ ನನ್ನ ಹೆಜ್ಜೆ ತಾನಾಗಿಯೇ ನಿಧಾನವಾಯಿತು. ತಿರುಗಿ ನೋಡಿದೆ. ಬೈಕುಗಳು ಅಲ್ಲಿಯೇ ನಿಂತಿದ್ದವು, ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಈಚೆ ತಿರುಗಿದಾಗ ಮಂಜು ಬಹಳ ಮುಂದೆ ಹೋಗಿದ್ದ. ಅವನು ಹೆಜ್ಜೆ ನಿಧಾನ ಮಾಡಿರಲೇ ಇಲ್ಲ. ಮಂಡಿ ಹಿಡಿದುಕೊಂಡು ನಾನೇ ಅವನ ಹಿಂದೆ ಓಡಬೇಕಾಯಿತು.