ಅಜ್ಜನ ನೇರ ಪೆಟ್ಟು

ಇವತ್ತು ನಮ್ಮ ಮನೆಯ ಹಂಚು ತೆಗೆಯುತ್ತಿದ್ದವರು ಮಾಡಿನ ಸಂದಿಯಿಂದ ಒಂದು ಗಾಲ್ಫ್ ಚೆಂಡು ಕೆಳಗೆ ಹಾಕಿದರು. ಪಾಚಿ ಹಿಡಿದಿದ್ದರೂ ಗುರುತು ಸಿಕ್ಕಿತು. ಅಜ್ಜನದೇ.

ಅಜ್ಜ ಘಟ್ಟದ ಮೇಲೆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಧಣಿ ಬಿಸಾಡಿದ ಗಾಲ್ಫ್ ಕೋಲೊಂದನ್ನು ಹಿಡಿದುಕೊಂಡು ನಮ್ಮೂರು ವಾಮದಪದವಿಗೆ ಮರಳಿ, ತಾವೇ ಧಣಿಯಾದರು. ಕುಟುಂಬವೆಂದರೆ ಅವರಿಗೆ ಪ್ರಾಣವಂತೆ. ಹಾಗಾಗಿ ಭಾನುವಾರ ಬೆಳಿಗ್ಗೆ ಇಡೀ ಕುಟುಂಬ ಅಂಗಳದಲ್ಲಿ ನಿಂತು ಅವರ ಆಟ ನೋಡಬೇಕಿತ್ತು. ಕೊಯ್ಲು ಮುಗಿದ ಗದ್ದೆಗೆ ಅವರು ಚೆಂಡು ಹೊಡೆಯುವುದು, ನಾವು ಹೆಕ್ಕಿ ತರುವುದು.

ಒಂದು ಭಾನುವಾರ ಅಮ್ಮ ಪಟ್ಟೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಹೊರಟು ನಿಂತಿದ್ದಳು. ಮೂಡುಬಿದಿರೆಯಲ್ಲಿ ಅವಳ ತಂಗಿಯ ಸೀಮಂತ. ಅಜ್ಜ ಹೊಡೆದ ಚೆಂಡು ತೆಂಗಿನ ಮರಕ್ಕೆ ಬಡಿದು ಹಿಂದಕ್ಕೆ ಹಾರಿತು. ಹಂಚಿನ ಮೇಲೆ ಟಕ್ಕೆಂದದ್ದು ಎಲ್ಲರಿಗೂ ಕೇಳಿತ್ತು.

“ಅದು ಕಾಗೆ,” ಎಂದರು ಅಜ್ಜ. “ನನ್ನ ಪೆಟ್ಟು ಯಾವತ್ತೂ ನೇರ. ಚೆಂಡು ಗದ್ದೆಯಲ್ಲೇ ಉಂಟು. ಸಿಗದೆ ಯಾರೂ ಹೊರಡುವುದು ಬೇಡ.”

ನಾಚಿಕೆಯಿಲ್ಲದ ನಾವೆಲ್ಲ ಗದ್ದೆಗಿಳಿದೆವು. ಎಲ್ಲರಿಗಿಂತ ಮುಂದೆ ಅಪ್ಪ, ಬಗ್ಗಿದ ಬೆನ್ನು ಎತ್ತಲೇ ಇಲ್ಲ. ಅಮ್ಮ ನೆರಿಗೆ ಎತ್ತಿಕೊಂಡು ಪೈರಿನ ಕೂಳೆಗಳ ನಡುವೆ ತಡಕುತ್ತಿದ್ದಾಗ, ಬೆಳಗಿನ ಒಂದೇ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿ ಹೋಯಿತು.

“ಅದಕ್ಕೇನೀಗ? ಅವಳ ಎರಡನೇ ಸೀಮಂತಕ್ಕೆ ಹೋದರಾಯ್ತು,” ಎಂದರು ಅಜ್ಜ. ಸೀಮಂತ ಒಮ್ಮೆ ಮಾತ್ರ ಎಂಬುದೂ ಗೊತ್ತಿರದ ಕುಟುಂಬಪ್ರೇಮಿ!

ಈಗ ಅಜ್ಜ ಚಾವಡಿಯ ಗೋಡೆಯ ಮೇಲಿದ್ದಾರೆ. ಫೋಟೊದ ಕೆಳಗೆ ಅಪ್ಪ ‘ಕುಟುಂಬವತ್ಸಲ’ ಎಂದು ಬರೆಸಿದ್ದಾರೆ. ಅಮ್ಮ ಚೆಂಡನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಆ ಫೋಟೊದ ಎದುರು ಹೋಗಿ ನಿಂತಳು.

“ಚೆಂಡು ಸಿಕ್ಕಿತು ಮಾವ,” ಎಂದಳು. “ಇನ್ನು ನಾನು ಹೊರಡಬಹುದಾ?”