ಚಿಕ್ಕಮ್ಮನ ನಿಲುವಂಗಿ

ನನ್ನ ಚಿಕ್ಕಮ್ಮನ ಕೆಲಸ ಹೊಸ ಬಟ್ಟೆಯನ್ನು ಹಾಳು ಮಾಡುವುದು. ನಗಬೇಡಿ, ಅದಕ್ಕೂ ಸಂಬಳವಿದೆ. ಐತಿಹಾಸಿಕ ಸಿನಿಮಾಗಳಿಗೆ ಉಡುಪು ಹೊಲಿದುಕೊಡುವ ಅಂಗಡಿಯೊಂದರಲ್ಲಿ ನಮ್ಮ ಕೆಲಸ. ನಾನು ಹೊಲಿದ ಗರಿಗರಿ ಅಂಗಿಯನ್ನು ಅವಳು ಚಹಾದ ನೀರಲ್ಲಿ ನೆನೆಸಿ, ಕಲ್ಲಿಗೆ ಉಜ್ಜಿ, ಮೊಣಕೈಗೆ ಮರಳು ಕಾಗದ ತಿಕ್ಕಿ, ಇಸ್ತ್ರಿ ಹಾಕಿ ಬಣ್ಣ ಕೂರಿಸಿ, ಇನ್ನೂರು ವರ್ಷ ಹಿಂದಕ್ಕೆ ಕಳಿಸುತ್ತಾಳೆ. ಮೊದಮೊದಲು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ನಾವಿಬ್ಬರೂ ತೊಗಲು ಹದಮಾಡುವವರ ಬೀದಿಯವರು. ಈಗ ಅಲ್ಲಿ ಯಾರೂ ತೊಗಲು ಮುಟ್ಟುವುದಿಲ್ಲ. ಆದರೂ ನಮ್ಮ ವಿಳಾಸ ಕೇಳಿದರೆ ಸಾಕು, ಕೆಲವರ ಮೂಗು ತಾನಾಗಿ ಸಿಂಡರಿಸುತ್ತದೆ. ಅಂಗಡಿಯ ಒಳಕೋಣೆಯಲ್ಲಿ ನಮ್ಮ ಬೀದಿಯವರು ಕೂರುವ ಹಾಗಿಲ್ಲ. ಎಲ್ಲೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು. ಹೊಲಿಗೆ ಮಿಷನ್ನನ್ನು ನಿಂತುಕೊಂಡು ತುಳಿಯಲಾಗದು ಎಂಬ ಒಂದೇ ಕಾರಣಕ್ಕೆ ನನಗೊಂದು ಸ್ಟೂಲು ಸಿಕ್ಕಿದೆ. ಪಕ್ಕದಲ್ಲಿ ಗುಂಡಿ ಹಚ್ಚುವಾಕೆಗೆ ಬೆನ್ನು ಒರಗುವ ಕುರ್ಚಿಯೇ ಇದೆ, ಅವಳು ಬೇರೆ ಬೀದಿಯವಳು. ಚಿಕ್ಕಮ್ಮ ಮಾತ್ರ ಇಸ್ತ್ರಿ ಮೇಜಿನ ಮುಂದೆ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು.

ಈಚೆಗೆ ಅವಳ ಮಂಡಿಗಳು ಊದಿಕೊಂಡವು. ಕೂತು ಕೆಲಸ ಮಾಡಿ, ಇಲ್ಲದಿದ್ದರೆ ಬಿಟ್ಟುಬಿಡಿ ಎಂದರು ಡಾಕ್ಟರು. ಬಿಡುವ ಜಾತಿಯ ಹೆಂಗಸಲ್ಲ ಅವಳು. ಇನ್ನೊಬ್ಬರ ಕೈ ನೋಡುತ್ತಾ ಕೂರುವುದಕ್ಕಿಂತ ಸಾಯುವುದು ಮೇಲು ಎನ್ನುವವಳು. ನಮ್ಮ ಯಜಮಾನರ ಬಳಿ ಹೋಗಿ ಒಂದು ಸ್ಟೂಲು ಕೇಳಿದಳು. ಯಾವಾಗಲೂ ಕೊರಳಲ್ಲಿ ಅಳತೆ ಟೇಪು ನೇತಾಡುವುದರಿಂದ ಅವರನ್ನು ನಾವು ಬೆನ್ನ ಹಿಂದೆ ಟೇಪಣ್ಣ ಎನ್ನುತ್ತೇವೆ. ಕೆಟ್ಟವರೇನಲ್ಲ, ಅದೇ ಕಷ್ಟ.

"ನಂದೇನೂ ಅಭ್ಯಂತರ ಇಲ್ಲಮ್ಮ. ಆದ್ರೆ ದೊಡ್ಡ ದೊಡ್ಡೋರು ಬಂದು ಹೋಗ್ತಾರೆ, ನೋಡಿ ಏನಂದ್ಕೋತಾರೆ? ಹಿಂದಿನಿಂದ ನಡ್ಕೊಂಡು ಬಂದಿದೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಚಿಕ್ಕಮ್ಮ "ಆಗ್ಲಿ ಸಾರ್" ಎಂದು ಬಂದು ಇಸ್ತ್ರಿ ಪೆಟ್ಟಿಗೆ ಹಿಡಿದಳು.

ಅದೇ ವಾರ ಒಬ್ಬ ನಿರ್ದೇಶಕ ಬಂದ. ಹಳೆಯ ಕಾಲದ ದೊಡ್ಡಮನೆಯೊಂದರ ಆಳು ಹೆಂಗಸಿನ ಕತೆ ಅವನದು. ಚಿಕ್ಕಮ್ಮ ಹಳತು ಮಾಡಿ ಸಾಲಾಗಿ ನೇತುಹಾಕಿದ್ದ ನಿಲುವಂಗಿಗಳನ್ನು ಒಂದೊಂದಾಗಿ ಸರಿಸಿ, "ಎಲ್ಲಾ ನಾಟಕದ ಬಟ್ಟೆ ಥರ ಇದೆ" ಎಂದ. ಆಮೇಲೆ ಒಂದನ್ನು ಎಳೆದು ಕುಣಿದೇಬಿಟ್ಟ. "ಇದು! ಇದು ನೋಡಿ ನಿಜವಾದ್ದು! ಆ ಕಾಲದ ಹೆಂಗಸಿನ ಇಡೀ ಬದುಕೇ ಇದರಲ್ಲಿದೆ!"

ನೋಡಿದರೆ ಭುಜದ ಮೇಲೆ ಹಸಿರು ದಾರದ ತೇಪೆ. ನಾನೇ ಹಾಕಿದ್ದು. ಅದು ಚಿಕ್ಕಮ್ಮ ದಿನಾ ಕೆಲಸಕ್ಕೆ ಹಾಕುವ ನಿಲುವಂಗಿ! ಒಗೆದು ಸಿನಿಮಾ ಬಟ್ಟೆ ಒಣಗಿಸುವ ಹಗ್ಗಕ್ಕೇ ಹಾಕಿದ್ದಳು, ತರುವಾಗ ಎಲ್ಲವನ್ನೂ ಒಟ್ಟಿಗೆ ಬಾಚಿಕೊಂಡು ಬಂದಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ತೋಳು ಚಿವುಟಿದಳು.

"ಸುಮ್ನಿರೆ. ನನ್ನ ಬಟ್ಟೆ ಸಿನಿಮಾದೋರ ಬಟ್ಟೆ ಜೊತೆ ಇತ್ತು ಅಂತ ಗೊತ್ತಾದ್ರೆ ಇರೋ ಕೆಲಸಾನೂ ಹೋಗತ್ತೆ."

ಸಿನಿಮಾ ಮುಗಿದ ಮೇಲೆ ಕೆಲಸದವರಿಗೆಲ್ಲ ತೋರಿಸಿದರು. ಕೊನೆಯ ದೃಶ್ಯದಲ್ಲಿ ಮುದುಕಿಯಾದ ಆ ಆಳು ಹೆಂಗಸು ಅದೇ ನಿಲುವಂಗಿಯಲ್ಲಿ ಗೋಡೆ ಹಿಡಿದು ನಿಂತಿದ್ದಾಳೆ. ಎದುರಿಗೆ ಒಡತಿಯ ಖಾಲಿ ಕುರ್ಚಿ. ಕೂರುವಂತಿಲ್ಲ. ನಿಂತಲ್ಲೇ ಕುಸಿಯುತ್ತಾಳೆ. ತೆರೆಯ ತುಂಬ ನನ್ನ ಹಸಿರು ದಾರ. ಸುತ್ತಲೂ ಬಿಕ್ಕುವ ಸದ್ದು, ಮುಂದಿನ ಸಾಲಿನಲ್ಲಿ ಟೇಪಣ್ಣ ಕರವಸ್ತ್ರಕ್ಕೆ ಮುಖ ಒತ್ತಿಕೊಂಡಿದ್ದರು. ನಾನೂ ಅತ್ತೆ, ದುಃಖಕ್ಕಲ್ಲ, ಸಿಟ್ಟಿಗೆ. ಚಿಕ್ಕಮ್ಮ ಮಾತ್ರ ಮಂಡಿ ನೀವಿಕೊಳ್ಳುತ್ತಾ ತೆರೆಯನ್ನೇ ನೋಡುತ್ತಿದ್ದಳು.

ಮರುದಿನವೂ ಟೇಪಣ್ಣನ ಕಣ್ಣು ಕೆಂಪಗಿತ್ತು. "ಎಂಥಾ ಕಲ್ಲೆದೆಯ ಜನ! ಎದುರಿಗೇ ಕುರ್ಚಿ ಇದ್ರೂ ಕೂರೋ ಹಾಗಿಲ್ಲ ಅಂದ್ರೆ! ಸದ್ಯ, ಆ ಕಾಲ ಹೋಯ್ತಲ್ಲ."

ಚಿಕ್ಕಮ್ಮ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟಳು.

"ಸಾರ್, ಆ ಹಸಿರು ತೇಪೆ ನಿಲುವಂಗಿ ವಾಪಸ್ ಬಂದಿದ್ರೆ ಕೊಡಿ. ಅದು ಸಿನಿಮಾದ್ದಲ್ಲ, ನಂದು. ದಿನಾ ಅದನ್ನ ಹಾಕ್ಕೊಂಡೇ ಇಲ್ಲಿ ನಿಂತಿರ್ತಿದ್ದೆ."

ಗುಂಡಿ ಹಚ್ಚುವಾಕೆಯ ಸೂಜಿ ನಿಂತಿತು. ಟೇಪಣ್ಣ ಅವಳ ಮುಖ ನೋಡಿದರು, ಕಾಲು ನೋಡಿದರು, ಹೊರಗೆ ಹೋದರು. ಇವತ್ತಿಗೆ ಕೆಲಸ ಹೋಯಿತು ಎಂದುಕೊಂಡೆ.

ಮರುದಿನ ಒಂದು ಹೊಸ ಸ್ಟೂಲು ಬಂದಿತ್ತು. ಕೋಣೆಯೊಳಗಲ್ಲ, ಹಿಂಬಾಗಿಲ ಆಚೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಪಾಪ, ಅವರ ಕಣ್ಣೀರು ಅಲ್ಲಿಯವರೆಗಷ್ಟೇ ಹರಿದಿತ್ತು. ನಾನು ಅದನ್ನು ಒದೆಯಲು ಹೊರಟಿದ್ದೆ. ಚಿಕ್ಕಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡು, ಕುಂಟುತ್ತಾ ಹೊಸಿಲು ದಾಟಿದಳು. ಇಸ್ತ್ರಿ ಮೇಜಿನ ಮುಂದೆ ಇಟ್ಟಳು. ಟೇಪಣ್ಣ ಏನೋ ಹೇಳಲು ಬಾಯಿ ತೆರೆದರು.

ಅವಳು ಕೂತಳು. ಊದಿದ ಕಾಲನ್ನು ಮೆಲ್ಲಗೆ ಮುಂದಕ್ಕೆ ಚಾಚಿದಳು.

"ಹೇಳಿ ಸಾರ್" ಎಂದಳು, "ಇವತ್ತು ಯಾವ ಬಟ್ಟೆ ಹಳೇದು ಮಾಡ್ಬೇಕು?"